ಟೊಮೇಟೊ ಹಣ್ಣಿನ ಕೆಂಪು ಬಿಸಿಲಿನದೋ, ತಂಪಿನದೋ?

ಬಿಸಿಲು ಹೆಚ್ಚಿದಷ್ಟೂ ಹಣ್ಣಿಗೆ ಬಣ್ಣ ಹೆಚ್ಚು ಎಂಬ ನಂಬಿಕೆ ನಮ್ಮ ಹಾವೇರಿ ಸೀಮೆಯಲ್ಲಿ ಬೇರೂರಿರುವುದು ಸಹಜವೇ. ಬ್ಯಾಡಗಿಯ ಪೇಟೆಯಲ್ಲಿ ಬಣ್ಣಕ್ಕೇ ಬೆಲೆ. ಅಲ್ಲಿಯ ಮೆಣಸಿನಕಾಯಿಯಿಂದ ಕೆಂಪನ್ನು ಬೇರ್ಪಡಿಸಿ ತೆಗೆಯುವ ಉದ್ಯಮವೇ ಉಂಟು. ಆ ಕಾಯಿ ಕಣದ ಬಿಸಿಲಿನಲ್ಲಿ ಒಣಗುವುದನ್ನು ಕಂಡ ಕಣ್ಣು ಟೊಮೇಟೊವನ್ನೂ ಅದೇ ಲೆಕ್ಕದಲ್ಲಿ ನೋಡುತ್ತದೆ. ಈ ಲೆಕ್ಕ ತಪ್ಪೆಂಬುದು ನಮ್ಮ ಅಭಿಪ್ರಾಯ. ತಪ್ಪಿಗೆ ದಂಡ ತೆರುವವನು ರೈತ.

ಕಳೆದ ಬೇಸಗೆಯಲ್ಲಿ ರಾಣೇಬೆನ್ನೂರಿನ ಸಮೀಪ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಯೊಂದನ್ನು ಹೊಕ್ಕೆವು. ಗಿಡಗಳು ಸೊಂಪಾಗಿದ್ದವು, ಹಣ್ಣುಗಳು ಮಾತ್ರ ತೊಟ್ಟಿನ ಸುತ್ತ ಹಳದಿ, ಉಳಿದೆಡೆ ಕಿತ್ತಳೆ. “ಎಲಿ ಎಲ್ಲಾ ತೆಗದೇವ್ರಿ ಸರ, ಬಿಸಲು ಬಿದ್ರ ಬಣ್ಣ ಬರತೈತಿ” ಎಂದರು ಯಜಮಾನರು. ಗೊಬ್ಬರಕ್ಕೂ ಧಾರಾಳವಾಗಿ ವೆಚ್ಚಮಾಡಿದ್ದರು. ಉಷ್ಣಮಾಪಕವೊಂದು ಮಾತ್ರ ಅಲ್ಲಿರಲಿಲ್ಲ.

ಮೆಣಸಿನಕಾಯಿಯ ಕೆಂಪು ಮುಖ್ಯವಾಗಿ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯದ್ದು, ಟೊಮೇಟೊವಿನದು ಲೈಕೋಪೀನಿನದು. ಎರಡೂ 40 ಇಂಗಾಲ ಪರಮಾಣುಗಳ ಒಂದೇ ಮನೆತನದ ದಾಯಾದಿಗಳು, ಸ್ವಭಾವ ಬೇರೆ. ಲೈಕೋಪೀನ್ ಚೆನ್ನಾಗಿ ಕೂಡುವುದು ಸುಮಾರು 20ರಿಂದ 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ. 30 ಡಿಗ್ರಿ ದಾಟಿದ ಮೇಲೆ ಅದರ ತಯಾರಿಕೆ ಕುಗ್ಗುತ್ತ ಹೋಗುತ್ತದೆ. ಹಳದಿಯ ಬೀಟಾ ಕ್ಯಾರೋಟೀನ್ ಮಾತ್ರ ತನ್ನ ಪಾಡಿಗೆ ತಾನು ಕೂಡುತ್ತಿರುತ್ತದೆ. ನಾವು ಕಂಡ ಕಿತ್ತಳೆಯ ಗುಟ್ಟು ಇದು. ಎಲೆಗೆ ಪತ್ರರಂಧ್ರಗಳುಂಟು, ಅದು ಬೆವರಿ ತಣ್ಣಗಾಗಬಲ್ಲದು. ಟೊಮೇಟೊವಿನ ಸಿಪ್ಪೆಗೆ ಅಂಥ ರಂಧ್ರಗಳಿಲ್ಲ. ಆದುದರಿಂದ ನೇರ ಬಿಸಿಲಿಗೆ ಸಿಕ್ಕ ಹಣ್ಣು ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಹೆಚ್ಚು ಕಾಯುತ್ತದೆ. ಹಾಗಾದರೆ ಬೆಳಕು ಬೇಡವೇ ಎಂದು ಓದುಗರು ಕೇಳಬಹುದು. ಕೆಂಪು ಬೆಳಕು ಲೈಕೋಪೀನಿಗೆ ಅನುಕೂಲವೆಂಬುದು ನಿಜ. ಆದರೆ ಅಡಿಗೆಮನೆಯ ಬುಟ್ಟಿಯ ಕತ್ತಲಲ್ಲಿ ದೋರೆಗಾಯಿ ಕೆಂಪಾಗುವುದನ್ನು ಕಾಣದ ಗೃಹಿಣಿಯುಂಟೆ? ಪೊಟಾಷಿನ ಕೊರತೆಯಿಂದಲೂ ಬಣ್ಣ ಮಚ್ಚೆಮಚ್ಚೆಯಾಗುವುದುಂಟು. ಆದರೆ ಪೊಟಾಷ್ ಸುರಿದು ಶಾಖವನ್ನು ಇಳಿಸಲಾಗದು.

ಶಾಖವನ್ನು ಇಳಿಸುವ ಬಗೆ ಯಾವುದು? 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಎರಡು ಪೆಟ್ಟಿಗೆಗಳಲ್ಲಿ ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಕಲ್ಲುಪ್ಪಿನ ಹಲಗೆಯನ್ನೂ ಮುಚ್ಚಿ ಬಿಸಿಲಿಗಿಟ್ಟನು. ಒಳಗಿನಿಂದ ಹೊರಸೂಸುವ ಶಾಖಕಿರಣಗಳನ್ನು ಗಾಜು ತಡೆಯುತ್ತದೆ, ಉಪ್ಪು ಬಿಟ್ಟುಕೊಡುತ್ತದೆ. ಆದರೂ, ಎರಡರ ಮೇಲೂ ಬಿಸಿಲು ಗಾಜಿನ ಮೂಲಕವೇ ಬೀಳುವಂತೆ ಮಾಡಿದಾಗ, ಅವೆರಡೂ ಹೆಚ್ಚುಕಡಮೆ ಒಂದೇ ಮಟ್ಟಕ್ಕೆ, ಸುಮಾರು 55 ಡಿಗ್ರಿಗೆ, ಕಾದವು. ಮುಚ್ಚಿದ ಮನೆ ಕಾಯುವುದು ಮುಖ್ಯವಾಗಿ ಬಿಸಿಗಾಳಿಗೆ ಹೊರದಾರಿಯಿಲ್ಲದೆ. ಹಾಲೆಂಡಿನ ಗಾಜಿನ ಮನೆಗೆ ಆ ಶಾಖವೇ ಭಾಗ್ಯ. ಏಪ್ರಿಲಿನಲ್ಲಿ ಹೊರಗೇ 35 ಡಿಗ್ರಿ ಮೀರುವ ನಮ್ಮ ನೆಲದಲ್ಲಿ ಅದೇ ಶತ್ರು. ಲಕ್ಷಗಟ್ಟಲೆ ಸುರಿದು ಮನೆ ಕಟ್ಟಿ, ಮಾಡಿನ ಗಾಳಿಕಿಂಡಿಯಲ್ಲಿ ಜಿಪುಣತನ ತೋರುವುದು ಯಾವ ಜಾಣತನ?

ಕಿಂಡಿ ವಿಶಾಲವಾಗಿರಲಿ, ನಡುಹಗಲಿಗೆ ನೆರಳುಬಲೆ ಇರಲಿ, ಗೊಂಚಲ ಮೇಲಿನ ಎಲೆಗಳನ್ನು ಬೋಳಿಸದಿರಲಿ. ಕಡುಬೇಸಗೆಯಲ್ಲಿ ಇಷ್ಟೂ ಸಾಲದು. ಆಗ ಹಣ್ಣು ಮೊದಲ ಕೆಂಪು ತೋರಿದೊಡನೆ ಕಿತ್ತು, 20-25 ಡಿಗ್ರಿಯ ತಂಪಿನಲ್ಲಿ ಮಾಗಿಸುವುದೇ ಲೇಸು. ಮೆಣಸಿನಕಾಯಿಗಾಗಿ ಶೀತಗೃಹಗಳನ್ನು ಕಟ್ಟಿಕೊಂಡಿರುವ ಬ್ಯಾಡಗಿಗೆ ತಂಪಿನ ಬೆಲೆ ತಿಳಿಯದ್ದಲ್ಲ. ಕೆಲವರು ಹಿಡಿಯುವ ಕಾರ್ಬೈಡಿನ ಅಡ್ಡದಾರಿ ಕಾನೂನಿಗೂ ವಿರುದ್ಧ, ಆರೋಗ್ಯಕ್ಕೂ ವಿರುದ್ಧ. ಮೇಲಾಗಿ ಅದರ ಅನಿಲ ಮಾಗುವಿಕೆಯನ್ನು ಕೆರಳಿಸಬಹುದೇ ಹೊರತು, 35 ಡಿಗ್ರಿಯಲ್ಲಿ ಕುಳಿತ ಹಣ್ಣಿಗೆ ಕೆಂಪನ್ನು ಕೊಡಲಾರದು.