ಅಗ್ಗದ ಗುಳಿಗೆಯೂ ಅದೇ ಗುಳಿಗೆಯೂ

ಗಜೇಂದ್ರಗಡ ತಾಲೂಕಿನ ರಾಜೂರದಂತಹ ಹಳ್ಳಿಯಲ್ಲಿ ಅಪಸ್ಮಾರಕ್ಕೆ, ಎಂದರೆ ಜನರು ಮೂರ್ಛೆರೋಗವೆಂದು ಕರೆಯುವ ಬೇನೆಗೆ, ಬೇಕಾದುದು ಅಪೂರ್ವವಾದ ಔಷಧವಲ್ಲ. ವರ್ಷಗಟ್ಟಲೆ ದಿನವೂ ತಪ್ಪದೆ ದೊರೆಯುವ ಸಾಮಾನ್ಯ ಗುಳಿಗೆ. ಮೂರ್ಛೆ ಬಿದ್ದವನ ಕೈಯಲ್ಲಿ ಕಬ್ಬಿಣ ಹಿಡಿಸುವ ರೂಢಿಗೆ ಖರ್ಚಿಲ್ಲ, ಗುಣವೂ ಇಲ್ಲ. ಗುಳಿಗೆಗೆ ಗುಣವುಂಟು, ಆದರೆ ಅದನ್ನು ತರಲು ಪೇಟೆಗೆ ಹೋದವನು ಬೆಲೆಯ ಜೊತೆಗೆ ಒಂದು ದಿನದ ಕೂಲಿಯನ್ನೂ ತೆರುತ್ತಾನೆ. ಆದುದರಿಂದ ಗುಳಿಗೆ ಅಗ್ಗವಾಗಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ.

1912ರಲ್ಲಿ ಈ ರೋಗಕ್ಕೆ ಬಳಕೆಗೆ ಬಂದ ಫಿನೊಬಾರ್ಬಿಟಾಲ್, 1938ರ ಫೆನಿಟಾಯಿನ್, ಇವೆರಡೂ ಇಂದು ಯಾರೊಬ್ಬರ ಸ್ವತ್ತೂ ಅಲ್ಲ. ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ನಮ್ಮ ನಾಡಿನ ಯಳಂದೂರಿನ ಹಳ್ಳಿಗಳಲ್ಲಿ ಈ ಹಳೆಯ ಮದ್ದುಗಳಿಂದಲೇ ಚಿಕಿತ್ಸೆ ನಡೆಸಿ, ಅನೇಕರ ಸೆಳವು ಹತೋಟಿಗೆ ಬರುವುದನ್ನು ತೋರಿಸಿದರು. ಅವರ ವರದಿ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಸ ಮದ್ದುಗಳಿಗೂ ಪೈಪೋಟಿಯೇ ದಾರಿ. 1970ರ ಪೇಟೆಂಟು ಕಾಯಿದೆಯು ಔಷಧದ ಮೇಲಲ್ಲ, ತಯಾರಿಸುವ ವಿಧಾನದ ಮೇಲೆ ಮಾತ್ರ ಹಕ್ಕು ಕೊಟ್ಟಿತು; ವಿಧಾನ ಬದಲಿಸಿ ಒಂದೇ ಔಷಧವನ್ನು ಹಲವರು ಮಾಡಿದರು. 2005ರಲ್ಲಿ ಆ ಅವಕಾಶ ಮುಚ್ಚಿತಾದರೂ, ಹಕ್ಕಿನ ಅವಧಿ ತೀರಿದ ಮದ್ದುಗಳಿಗೆ ಬಾಗಿಲು ತೆರೆದೇ ಇದೆ.

ಆದರೆ ನಮ್ಮಲ್ಲಿ ಬಹುಮಟ್ಟಿಗೆ ಪ್ರತಿಯೊಬ್ಬ ತಯಾರಕನೂ ತನ್ನದೇ ಹೆಸರಿಟ್ಟು ಮಾರುತ್ತಾನೆ. ಹೆಸರನ್ನು ಬರೆಯುವವರು ವೈದ್ಯರು, ಹಣ ಕೊಡುವವನು ರೋಗಿ. ಇಂತಹ ಪೈಪೋಟಿ ಅನೇಕ ವೇಳೆ ವೈದ್ಯರ ಒಲವಿಗಾಗಿ ನಡೆಯುವುದೇ ಹೊರತು ರೋಗಿಯ ಕಿಸೆಗಾಗಿ ಅಲ್ಲ. ಔಷಧವನ್ನು ಅದರ ಮೂಲನಾಮದಿಂದಲೇ ಮಾರುವ ಜನೌಷಧಿ ಅಂಗಡಿಗಳು ನಮಗೆ ಮೆಚ್ಚುಗೆಯಾಗುವುದು ಈ ಕಾರಣದಿಂದಲೇ.

ಇನ್ನು ಗುಳಿಗೆ ಬದಲಾಯಿತೆಂಬ ಭಯ. ಫೆನಿಟಾಯಿನ್ ವಿಷಯದಲ್ಲಿ ಇದು ಬರಿಯ ಅಂಜಿಕೆಯಲ್ಲ. ಯಕೃತ್ತು ಅದನ್ನು ವಿಲೇವಾರಿ ಮಾಡುವ ಶಕ್ತಿಗೆ ಒಂದು ಮಿತಿಯುಂಟು. ಆ ಮಿತಿಯ ಬಳಿ, ಒಳಸೇರುವ ಮದ್ದು ತುಸು ಹೆಚ್ಚಿದರೂ ರಕ್ತದಲ್ಲಿ ಅದು ಬಹಳ ಏರಿಬಿಡುತ್ತದೆ. 1968ರ ಸುಮಾರಿಗೆ ಆಸ್ಟ್ರೇಲಿಯದಲ್ಲಿ ಕ್ಯಾಪ್ಸೂಲಿನೊಳಗೆ ತುಂಬುವ ಕ್ಯಾಲ್ಸಿಯಂ ಸಲ್ಫೇಟಿನ ಬದಲು ಲ್ಯಾಕ್ಟೋಸನ್ನು ಹಾಕಿದರು. ಮದ್ದಿನ ತೂಕ ಅಷ್ಟೇ. ಆದರೆ ಅದು ಹೆಚ್ಚಾಗಿ ಹೀರಲ್ಪಟ್ಟು ರೋಗಿಗಳಿಗೆ ವಿಷವೇರಿತು! ಎಲ್ಲ ಮದ್ದುಗಳೂ ಹೀಗಲ್ಲ. ಲ್ಯಾಮೊಟ್ರಿಜಿನ್ ಎಂಬ ಮದ್ದಿನ ಬೇರೆ ಬೇರೆ ತಯಾರಿಕೆಗಳನ್ನು ಅಮೆರಿಕದಲ್ಲಿ ರೋಗಿಗಳಲ್ಲಿಯೇ ಅದಲುಬದಲು ಮಾಡಿ ನೋಡಿದಾಗ, 2015 ಮತ್ತು 2016ರ ವರದಿಗಳಂತೆ, ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಭಯವನ್ನೇ ಬಂಡವಾಳವಾಗಿಸಬಹುದೆಂಬುದಕ್ಕೆ ಬ್ರಿಟನ್ನು ಸಾಕ್ಷಿ. ರೋಗಿಗಳು ತಯಾರಿಕೆಯನ್ನು ಸುಲಭವಾಗಿ ಬದಲಿಸಲಾರರೆಂಬ ಸ್ಥಿತಿಯಲ್ಲಿ 2012ರಲ್ಲಿ ಅಲ್ಲಿ ಫೆನಿಟಾಯಿನ್ ಕ್ಯಾಪ್ಸೂಲಿನ ಬೆಲೆಯನ್ನು ಏರಿಸಲಾಯಿತು. ವರ್ಷಕ್ಕೆ ಸುಮಾರು 20 ಲಕ್ಷ ಪೌಂಡುಗಳಿದ್ದ ಸರ್ಕಾರಿ ಆರೋಗ್ಯಸೇವೆಯ ವೆಚ್ಚ 2013ರಲ್ಲಿ ಸುಮಾರು 5 ಕೋಟಿಗೆ ಮುಟ್ಟಿತು.

ಪೈಪೋಟಿ ಇರಲಿ, ಆದರೆ ಅದು ಕೊಳ್ಳುವ ಮೊದಲು ನಡೆಯಲಿ ಎಂಬುದು ನಮ್ಮ ಅಭಿಪ್ರಾಯ. ತಾಲೂಕು ಆಸ್ಪತ್ರೆಗೆ ಫೆನಿಟಾಯಿನ್ ಕೊಳ್ಳುವವರು ಅಗ್ಗದ, ಪರೀಕ್ಷಿತವಾದ ತಯಾರಿಕೆಯೊಂದನ್ನು ಆರಿಸಿ ಕೆಲವು ವರ್ಷ ಅದನ್ನೇ ಒದಗಿಸಲಿ. ಬದಲಿಸುವಾಗ ವೈದ್ಯರಿಗೂ ರೋಗಿಗೂ ತಿಳಿಸಲಿ. ವಿದ್ಯಾರ್ಥಿಗಳು ಮನೆಯಲ್ಲಿಯೋ ನೆರೆಯಲ್ಲಿಯೋ ಈ ರೋಗವಿದ್ದವರ ಗುಳಿಗೆಯ ಪಟ್ಟಿಯನ್ನು ಓದಿ, ಮೂಲನಾಮವನ್ನೂ ತಯಾರಕನ ಹೆಸರನ್ನೂ ಬರೆದಿಟ್ಟುಕೊಡಬಹುದು. ಬಣ್ಣ ಬದಲಾದರೆ ವೈದ್ಯರನ್ನು ಕೇಳಬೇಕು, ಗುಳಿಗೆಯನ್ನು ಮಾತ್ರ ನಿಲ್ಲಿಸಕೂಡದು. ಒಮ್ಮೆಗೇ ನಿಲ್ಲಿಸಿದರೆ ಬಿಡದೆ ಬರುವ ಸೆಳವಿನಿಂದ ಪ್ರಾಣಕ್ಕೇ ಅಪಾಯವುಂಟು.