ಅಡಿಕೆಗೆ ಗ್ರಾಂ ಲೆಕ್ಕ, ರೇಷನ್ ಅಕ್ಕಿಗೆ ಅಂದಾಜು ಲೆಕ್ಕ

ಪೆರಾಬೆ, ಕುಂತೂರು ಕಡೆಯ ನಾವು ಅಡಿಕೆ ಮಾರಲು ಹೋದರೆ ತಕ್ಕಡಿಯ ಸಂಖ್ಯೆಯಿಂದ ಕಣ್ಣು ತೆಗೆಯುವುದಿಲ್ಲ. ನೂರು ಗ್ರಾಂ ಹೆಚ್ಚುಕಮ್ಮಿ ಕಂಡರೂ 'ಇನ್ನೊಮ್ಮೆ ಇಡಿ ಅಣ್ಣಾ' ಎನ್ನುತ್ತೇವೆ. ರೇಷನ್ ಸಾಲಿನಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡು ಚೀಲ ಹೊತ್ತು ಬರುತ್ತೇವೆ. ಯಾಕೆ?

ಕಳೆದ ಮಳೆಗಾಲದಲ್ಲಿ ಮನೆಗೆ ತಂದ 20 ಕಿಲೋ ಅಕ್ಕಿಯನ್ನು ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟು ನೋಡಿದೆವು. 600 ಗ್ರಾಂ ಕಮ್ಮಿ! ಚೀಟಿಯಲ್ಲಿ 20 ಕಿಲೋ ಎಂದೇ ಇತ್ತು. ಅಂಗಡಿಯ ಹೆಸರು ಇಲ್ಲಿ ಬೇಡ, ಯಾಕೆಂದರೆ ತಪ್ಪಿರುವುದು ಕ್ರಮದಲ್ಲಿ. ಹೆಬ್ಬೆಟ್ಟು ಒತ್ತುವ ಯಂತ್ರ ಒಂದು ಕಡೆ, ತಕ್ಕಡಿ ಇನ್ನೊಂದು ಕಡೆ, ಎರಡಕ್ಕೂ ಸಂಬಂಧವಿಲ್ಲ. ಹೆಬ್ಬೆಟ್ಟು ಬಿದ್ದರೆ ಅಕ್ಕಿ ಕೊಟ್ಟ ಲೆಕ್ಕ ಮುಗಿಯಿತು. ತೂಗುವುದು ಆಮೇಲೆ.

ಈ ಎರಡನ್ನೂ ಜೋಡಿಸುವ ದಾರಿ ಹೊಸದೇನಲ್ಲ. ಹಿಂದೆ ಯಕ್ಷಗಾನದ ಪದಗಳನ್ನು ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಕಳಿಸುತ್ತಿದ್ದೆವಲ್ಲ, ಅದೇ ಬ್ಲೂಟೂತ್. ತಕ್ಕಡಿಗೂ ಯಂತ್ರಕ್ಕೂ ಅದನ್ನು ಜೋಡಿಸಿದರೆ ತೂಕ ನೇರವಾಗಿ ಯಂತ್ರಕ್ಕೆ ಹೋಗುತ್ತದೆ, ಯಾರೂ ಬೆರಳಲ್ಲಿ ಒತ್ತಬೇಕಾಗಿಲ್ಲ. ತೂಕ ಸರಿಯಾಗದೆ ಚೀಟಿ ಬಾರದಂತೆ ಮಾಡಬಹುದು.

'ನಮ್ಮಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಮಾರಾಯ್ರೇ' ಎಂಬ ಉತ್ತರ ಬರುತ್ತದೆ. ಅದು ಅರ್ಧ ಸತ್ಯ. ಹೆಬ್ಬೆಟ್ಟು ತಾಳೆಯಾಗಲು ಸರ್ವರ್ ಬೇಕು. ತಕ್ಕಡಿಯಿಂದ ಯಂತ್ರಕ್ಕೆ ತೂಕ ಹೋಗಲು ಟವರೂ ಬೇಡ, ಇಂಟರ್ನೆಟ್ಟೂ ಬೇಡ. ಒಂದೇ ಕೋಣೆಯೊಳಗಿನ ಕೆಲಸವದು. ಗುಡ್ಡದ ಮರೆಯಲ್ಲೂ ನಡೆಯುತ್ತದೆ.

ದುಡ್ಡಿನ ನೆಪವೂ ನಿಲ್ಲುವುದಿಲ್ಲ. 2021ರ ಜೂನ್‌ನಲ್ಲಿ ಕೇಂದ್ರ ಸರಕಾರ ಆಹಾರ ಭದ್ರತೆಯ ನಿಯಮ ತಿದ್ದಿತು. ಈ ಯಂತ್ರಗಳಿಗಾಗಿ ಆಗ ಕ್ವಿಂಟಾಲಿಗೆ 17 ರೂಪಾಯಿ ಹೆಚ್ಚುವರಿ ಸಿಗುತ್ತಿತ್ತು. ಅದರಲ್ಲಿ ಉಳಿದದ್ದನ್ನು ಎಲೆಕ್ಟ್ರಾನಿಕ್ ತಕ್ಕಡಿ ಕೊಳ್ಳಲು, ಯಂತ್ರಕ್ಕೆ ಜೋಡಿಸಲು ರಾಜ್ಯಗಳು ಬಳಸಬಹುದು.

ಅಂಗಡಿಯವರ ಕಷ್ಟವನ್ನೂ ಹೇಳಲೇಬೇಕು. ಗೋದಾಮಿನಿಂದ ಬಂದ ಮೂಟೆಯೇ ಕಮ್ಮಿಯಿದ್ದರೆ ಅವರು ಎಲ್ಲಿಂದ ತುಂಬಿಸಬೇಕು? ಹಾಗಾಗಿ ಮೂಟೆ ಇಳಿಸುವಾಗಲೂ ತೂಗಿ ಚೀಟಿ ಕೊಡಬೇಕು. ಇಲ್ಲವಾದರೆ ಮೇಲಿನ ಕೊರತೆ ಕೊನೆಗೆ ನಮ್ಮ ಅನ್ನದ ಪಾತ್ರೆಗೇ ಇಳಿಯುತ್ತದೆ.

ಬ್ಲೂಟೂತ್ ಬಂದ ಕೂಡಲೇ ಎಲ್ಲ ಸರಿಯಾಗುತ್ತದೆಂದು ನಾವು ನಂಬಿಲ್ಲ. ಅದು ತಕ್ಕಡಿ ಹೇಳಿದ್ದನ್ನು ಸಾಗಿಸುತ್ತದೆ, ಅಷ್ಟೆ. ತಕ್ಕಡಿಯೇ ಸುಳ್ಳು ಹೇಳಿದರೆ? ಡಬ್ಬದ ಭಾರ ಕಳೆಯದೆ ತೂಗಿದರೆ? ಅದಕ್ಕೇ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಈ ವರ್ಷದ್ದೇ ಎಂದು ನೋಡಬೇಕು. ಅಕ್ಕಿ ಹಾಕುವ ಮೊದಲು ಸೊನ್ನೆ ತೋರಿಸಿ ಎಂದು ಕೇಳಬೇಕು.

ಒಂದು ಅಂಗಡಿಗೆ 400 ಕಾರ್ಡ್ ಎಂದುಕೊಳ್ಳಿ. ಕಾರ್ಡಿಗೆ ಅರ್ಧ ಕಿಲೋ ಹೋದರೂ ತಿಂಗಳಿಗೆ 2 ಕ್ವಿಂಟಾಲ್. ಅಡಿಕೆ ತೋಟವಿಲ್ಲದ, ಕೂಲಿಗೆ ಹೋಗುವ ಮನೆಗೆ ಆ ಅರ್ಧ ಕಿಲೋ ಎಂದರೆ ಒಂದು ಹೊತ್ತಿನ ಗಂಜಿ.

ಜೋಡಿಸಿರುವ ಅಂಗಡಿಗಳಿದ್ದರೆ ಸಂತೋಷ. ಜೋಡಿಸದ ಕಡೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ, ನಿರ್ಣಯ ಬರೆಸೋಣ. ಅಕ್ಕಿ ಕಮ್ಮಿಯಾದರೆ 1967ಕ್ಕೆ ಫೋನ್ ಮಾಡೋಣ. 'ಧರ್ಮಕ್ಕೆ ಸಿಗುವ ಅಕ್ಕಿ, ಇರಲಿ ಬಿಡಿ' ಎನ್ನುವವರಿಗೆ ನಮ್ಮದೊಂದೇ ಮಾತು: 2013ರ ಕಾಯ್ದೆ ಕೊಟ್ಟ ಹಕ್ಕಿನ ಅಕ್ಕಿ ಇದು. ತೂಗಿಯೇ ಕೊಡಿ.