ಎರಡು ದೋಣಿಯಲ್ಲಿ ಕಾಲಿಟ್ಟ ಅಧ್ಯಕ್ಷ

ಮೆಕ್ಸಿಕೋ ದೇಶದ ಇಗ್ನಾಸಿಯೊ ಕೊಮೊನ್‌ಫೋರ್ಟನ ಚರಿತ್ರೆಯನ್ನು ದುಡಿಯುವ ಜನ ಅರಿಯಬೇಕೆಂಬುದು ನಮ್ಮ ಅಭಿಪ್ರಾಯ. ಅಕಾಪುಲ್ಕೊ ಬಂದರಿನ ಸುಂಕದ ಅಧಿಕಾರಿಯಾಗಿದ್ದ ಈತನು 1854ರಲ್ಲಿ ಸರ್ವಾಧಿಕಾರಿ ಸಾಂಟಾ ಅನ್ನಾನ ವಿರುದ್ಧ ದಂಗೆಯೆದ್ದವರ ಮುಂದಾಳಾದನು. ಮರುವರ್ಷ ಸರ್ವಾಧಿಕಾರಿ ದೇಶ ಬಿಟ್ಟು ಓಡಿದನು. ಡಿಸೆಂಬರಿನಲ್ಲಿ ಕೊಮೊನ್‌ಫೋರ್ಟನು ಅಧ್ಯಕ್ಷನಾದನು.

1856ರ ಲೆರ್ದೊ ಕಾನೂನು ಚರ್ಚಿನ ಜಮೀನನ್ನು ಮಾರಬೇಕೆಂದು ವಿಧಿಸಿತು. ಕೊಳ್ಳುವ ಮೊದಲ ಹಕ್ಕು ಗೇಣಿದಾರನದು. ಆದರೆ ಬರಿಗೈಯವನು ಕೊಳ್ಳುವುದೆಂತು? ಬಹುಪಾಲು ಭೂಮಿ ಹಣವಂತರ ಕೈಸೇರಿತು. ಮೂಲನಿವಾಸಿಗಳ ಹಳ್ಳಿಗಳು ಒಟ್ಟಾಗಿ ಹೊಂದಿದ್ದ ಜಮೀನಿಗೂ ಅದೇ ಕಾನೂನು ಕುತ್ತಾಯಿತು.

1857ರ ಫೆಬ್ರವರಿ 5ರ ಹೊಸ ಸಂವಿಧಾನ ಪಾದ್ರಿಗಳನ್ನೂ ಸೇನಾಪತಿಗಳನ್ನೂ ಕೆರಳಿಸಿತು. ಡಿಸೆಂಬರ್ 17ರಂದು ಜನರಲ್ ಜುಲೊವಾಗಾ ಅದನ್ನು ಧಿಕ್ಕರಿಸಿದನು. ಅದನ್ನು ಕಾಯುವೆನೆಂದು ಪ್ರಮಾಣ ಮಾಡಿ ಮೂರು ವಾರ ತುಂಬುವ ಮೊದಲೇ ಕೊಮೊನ್‌ಫೋರ್ಟನು ಅವರೊಡನೆ ಸೇರಿದನು! ಸರ್ವೋಚ್ಚ ನ್ಯಾಯಾಲಯದ ಮುಖ್ಯಸ್ಥ ಹುವಾರೆಜ್ ಸೆರೆಯಾದನು. ಮರುತಿಂಗಳು ಅದೇ ಸೇನಾಪತಿಗಳು ಕೊಮೊನ್‌ಫೋರ್ಟನನ್ನೂ ಹೊರದಬ್ಬಿದರು. ಹೋಗುವ ಮುನ್ನ ಹುವಾರೆಜ್‌ನನ್ನು ಬಿಡಿಸಿದ್ದೇ ಆತನ ಪುಣ್ಯ. ಸಂವಿಧಾನದಂತೆ ಅಧ್ಯಕ್ಷಪದವಿ ಹುವಾರೆಜ್‌ಗೆ ಬಂದಿತು. ಮೂರು ವರ್ಷಗಳ ಅಂತರ್ಯುದ್ಧದಲ್ಲಿ ಆತನ ಪಕ್ಷ ಗೆದ್ದಿತು.

ಕೊಮೊನ್‌ಫೋರ್ಟನು ಹೇಡಿಯಲ್ಲ. ದಂಡೆತ್ತಿ ಬಂದ ಫ್ರೆಂಚರೊಡನೆ ಹೋರಾಡಲು ಮರಳಿ ಬಂದು 1863ರ ನವೆಂಬರಿನಲ್ಲಿ ಹೊಂಚುದಾಳಿಗೆ ಬಲಿಯಾದನು. ಆ ತ್ಯಾಗಕ್ಕೆ ನಾವು ತಲೆಬಾಗುತ್ತೇವೆ. ಆದರೆ ಒಡೆಯರನ್ನೂ ಒಕ್ಕಲನ್ನೂ ಒಟ್ಟಿಗೆ ಮೆಚ್ಚಿಸಹೊರಟವನಿಗೆ ಕೊನೆಗೆ ಇಬ್ಬರೂ ಸಿಗಲಿಲ್ಲ.

ಗಿರಣಿಯ ಬಂಧುಗಳೇ, ಅಂಗಡಿಯ ಮಿತ್ರರೇ, ನಿಮ್ಮ ಹೆಸರಿನಲ್ಲಿ ಕಾನೂನು ಬಂದಾಗ ಅದರ ಫಲ ಯಾರ ಕೈಗೆಟಕುವುದೆಂದು ಮೊದಲು ಕೇಳಿರಿ. ಅದನ್ನು ತಂದ ನಾಯಕನು ಬಿರುಗಾಳಿ ಬಂದ ದಿನ ಯಾರ ಪಕ್ಕದಲ್ಲಿ ನಿಲ್ಲುವನೆಂಬುದನ್ನೂ ನೋಡಿರಿ.